ಕೆಟ್ಟ ಮಾತು, ಅಶ್ಲೀಲ ಮಾತು: ಎರಡೂ ಒಂದೇನಾ?



ಎಂಜಿನಿಯರಿಂಗ್ ಓದೋರಿಗೆ ಸಂವಿಧಾನ ಅಂದರೆ ಒಂದು ಸೆಮಿಸ್ಟರ್‌ನ ಸಣ್ಣ ಸಬ್ಜೆಕ್ಟ್. ಹಿಂದಿನ ರಾತ್ರಿ ಓದಿ, ಮರುದಿನ ಬರೆದು, ಆಮೇಲೆ ಮರೆತುಬಿಡೋ ವಿಷಯ. ಆದರೆ ಅದರ ಒಂದು ವಿಧಿ ದಿನಾ ನಮ್ಮ ಜೇಬಿನಲ್ಲೇ ಇರತ್ತೆ. ಫೆಸ್ಟ್‌ನ ಸ್ಕಿಟ್, ಮೀಮ್, ರೀಲ್ಸ್, ಹಾಸ್ಟೆಲ್ ಗ್ರೂಪಿಗೆ ಬರೋ ಫಾರ್ವರ್ಡ್, ಎಲ್ಲವೂ ಅದರ ಕೆಳಗೇ ಬರತ್ತೆ. ಅದು 19ನೇ ವಿಧಿ.

ಈ ಸಲ ನಮ್ಮ ಕನ್ನಡ ಬಳಗ ಜಾನಪದ ಸಂಚಿಕೆ ಮಾಡ್ತಾ ಇದೆ. ಬಂದ ಹಾಡುಗಳಲ್ಲಿ ಕೆಲವನ್ನು ಕೇಳಿ "ಇದು ಅಶ್ಲೀಲ, ತೆಗೀರಿ" ಅಂದವರಿದ್ದಾರೆ. "ವಾಕ್ ಸ್ವಾತಂತ್ರ್ಯ ಐತಿ, ಯಾರೇನ್ ಮಾಡ್ತಾರ?" ಅಂದವರೂ ಇದ್ದಾರೆ. ಎರಡು ಮಾತೂ ಅರ್ಧ ಸರಿ. ಪೂರ್ತಿ ಸರಿ ಯಾವುದು ಅಂತ ನೋಡೋಕೆ ಈ ಪಾಠ. ಉದಾಹರಣೆಗಳನ್ನು ದೂರದಿಂದ ತರೋದು ಬೇಡ ಅಂತ, ನಮ್ಮ ಬಳಗದವರ ಊರುಗಳಾದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದಲೇ ತಗೊಂಡಿದ್ದೀವಿ.

ಎಂಟು ಕಾರಣ, ಒಂಬತ್ತನೆಯದು ಇಲ್ಲ

19(1)(ಎ) ವಿಧಿ ಪ್ರತಿ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡತ್ತೆ. 19(2) ಆ ಸ್ವಾತಂತ್ರ್ಯಕ್ಕೆ ಬೇಲಿ ಹಾಕತ್ತೆ. ಬೇಲಿ ಹಾಕೋಕೆ ಎಂಟು ಕಾರಣಗಳಿವೆ: ಭಾರತದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ.

ಇಲ್ಲಿ ಎರಡು ಸಂಗತಿ ಗಮನಿಸಿ. ಮೊದಲನೆಯದು, ಪಟ್ಟಿ ಮುಚ್ಚಿದೆ. "ನನಗೆ ಇಷ್ಟ ಆಗಲಿಲ್ಲ", "ನಮ್ಮ ಮನಸ್ಸಿಗೆ ಬೇಜಾರಾಯ್ತು", "ಕಾಲೇಜಿನ ಹೆಸರು ಕೆಡತ್ತೆ" ಅನ್ನೋ ಕಾರಣ ಅದರಲ್ಲಿಲ್ಲ. ಎರಡನೆಯದು, ಪಟ್ಟಿಯಲ್ಲಿರೋ ಕಾರಣಕ್ಕೂ ಹಾಕುವ ನಿರ್ಬಂಧ ಸಮಂಜಸವಾಗಿರಬೇಕು. ಆ "ಸಮಂಜಸ" ಅನ್ನೋ ಪದ 1951ರ ಮೊದಲನೇ ತಿದ್ದುಪಡಿಯಲ್ಲಿ ಬಂತು.

ಅಶ್ಲೀಲತೆಯ ಕಾನೂನು ನಿಂತಿರೋದು "ಸಭ್ಯತೆ ಅಥವಾ ನೈತಿಕತೆ" ಅನ್ನೋ ಕಂಬದ ಮೇಲೆ. ಹಳೆಯ ಭಾರತೀಯ ದಂಡ ಸಂಹಿತೆಯ 292ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294ನೇ ಸೆಕ್ಷನ್ ಆಗಿದೆ. ಪುಸ್ತಕ, ಚಿತ್ರ, ಪ್ರತಿಮೆ ಜೊತೆಗೆ ಎಲೆಕ್ಟ್ರಾನಿಕ್ ರೂಪದಲ್ಲಿ ತೋರಿಸುವುದೂ ಈಗ ಅದರೊಳಗಿದೆ. ಮೊದಲ ಸಲ ಶಿಕ್ಷೆ ಆದರೆ 2 ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ.

ಹಾಗಾದರೆ ಅಶ್ಲೀಲ ಅಂದರೆ ಯಾವುದು? ಕಾಮವನ್ನು ಕೆರಳಿಸುವಂಥದ್ದು, ಅಥವಾ ಆ ಕೆಟ್ಟ ಕುತೂಹಲಕ್ಕೆ ಗಾಳಿ ಹಾಕುವಂಥದ್ದು, ಅಥವಾ ಇಡಿಯಾಗಿ ನೋಡಿದಾಗ ಅದನ್ನು ಓದುವ, ನೋಡುವ, ಕೇಳುವ ಜನರ ಮನಸ್ಸನ್ನು ಕೆಡಿಸುವಂಥದ್ದು. "ಕೆಟ್ಟ ಪದ ಇರುವಂಥದ್ದು" ಅಂತ ಎಲ್ಲೂ ಇಲ್ಲ.

ಲಂಡನ್ನಿನ ಅಳತೆಪಟ್ಟಿ

ಈ ಕಾನೂನನ್ನು ಕೋರ್ಟುಗಳು ಬಹಳ ವರ್ಷ ಅಳೆದದ್ದು ಇಂಗ್ಲೆಂಡಿನ ಪಟ್ಟಿಯಿಂದ. 1868ರ ಹಿಕ್ಲಿನ್ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಸುಲಭವಾಗಿ ಕೆಡುವ ಮನಸ್ಸಿನವರ ಕೈಗೆ ಸಿಕ್ಕರೆ ಅವರನ್ನು ಕೆಡಿಸುವ ಗುಣ ಇದೆಯಾ, ಹಾಗಿದ್ದರೆ ಅದು ಅಶ್ಲೀಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಸೇತುವೆಯನ್ನು ಅದರ ಒಟ್ಟು ರಚನೆ ನೋಡಿ ಪರೀಕ್ಷಿಸೋದು ಬಿಟ್ಟು, ಒಂದೇ ಒಂದು ಇಟ್ಟಿಗೆ ಕಿತ್ತು "ಇದು ಮುರೀತು" ಅಂದ ಹಾಗೆ. ಎಲ್ಲೋ ಒಂದು ಪ್ಯಾರಾ, ಯಾರೋ ಒಬ್ಬ ಬಲಹೀನ ಓದುಗ, ಇಷ್ಟು ಸಿಕ್ಕರೆ ಇಡೀ ಪುಸ್ತಕ ಹೋಯ್ತು.

ಬಾಂಬೆಯ ಪುಸ್ತಕದಂಗಡಿಯೊಂದರ ಪಾಲುದಾರ ರಂಜಿತ್ ಉದೇಶಿ "ಲೇಡಿ ಚಾಟರ್ಲೀಸ್ ಲವರ್" ಕಾದಂಬರಿ ಮಾರಿದ್ದಕ್ಕೆ ಶಿಕ್ಷೆ ಆಯ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು ಹಿಕ್ಲಿನ್ ಅಳತೆಯಿಂದಲೇ. ಆದರೆ ಅದೇ ತೀರ್ಪಿನಲ್ಲಿ, ಕಲೆ-ಸಾಹಿತ್ಯದಲ್ಲಿ ಕಾಮ, ಬೆತ್ತಲೆ ಬಂದ ಮಾತ್ರಕ್ಕೆ ಅಶ್ಲೀಲ ಆಗಲ್ಲ ಅನ್ನೋ ಮಾತೂ ಇದೆ. ಬೀಜ ಅಲ್ಲೇ ಬಿತ್ತು, ಮೊಳಕೆ ಬರೋಕೆ ಐವತ್ತು ವರ್ಷ ಹಿಡೀತು.

2014ರ ಅವೀಕ್ ಸರ್ಕಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಿಕ್ಲಿನ್ ಅನ್ನು ಬಿಟ್ಟುಬಿಡ್ತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವರು ಮದುವೆ ಆಗಬೇಕಿದ್ದ ಕಪ್ಪು ವರ್ಣದ ಹುಡುಗಿಯ ಬೆತ್ತಲೆ ಫೋಟೊವನ್ನು ಭಾರತದ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು. ಆ ಫೋಟೊ ಹೇಳ್ತಿದ್ದದ್ದು ವರ್ಣಭೇದದ ವಿರುದ್ಧದ ಮಾತು. ಚಿತ್ರವನ್ನು ಅದರ ಸಂದರ್ಭದ ಜೊತೆ ನೋಡಬೇಕು, ಇವತ್ತಿನ ಸಮಾಜದ ಸಾಮಾನ್ಯ ಮನುಷ್ಯನ ಕಣ್ಣಿನಿಂದ ನೋಡಬೇಕು, ಬೇಗ ಕೆಡುವವರ ಕಣ್ಣಿನಿಂದಲ್ಲ ಅಂತ ಕೋರ್ಟ್ ಹೇಳ್ತು.

ಕಾಲೇಜಿನ ಭಾಷೆ ಸುಪ್ರೀಂ ಕೋರ್ಟಿಗೆ ಹೋದಾಗ

ಈಗ ನಮಗೆ ತೀರಾ ಹತ್ತಿರದ ಪ್ರಕರಣ. "ಕಾಲೇಜ್ ರೊಮ್ಯಾನ್ಸ್" ಅನ್ನೋ ವೆಬ್ ಸೀರೀಸ್ ನಮ್ಮಲ್ಲಿ ಬಹಳ ಜನ ನೋಡಿದ್ದೀವಿ. ಅದರ ಒಂದು ಎಪಿಸೋಡಿನ ಬೈಗುಳಗಳ ಮೇಲೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67 ಮತ್ತು 67ಎ ಸೆಕ್ಷನ್ ಅಡಿ ಪ್ರಕರಣ ನಡೀತು. 2023ರಲ್ಲಿ ದೆಹಲಿ ಹೈಕೋರ್ಟ್ ಎಫ್‌ಐಆರ್ ಹಾಕೋದು ಸರಿ ಅಂತು. ಸುತ್ತಲಿನವರಿಗೆ ಮುಜುಗರ ಆಗಬಾರದು ಅಂತ ತಾವು ಇಯರ್‌ಫೋನ್ ಹಾಕಿಕೊಂಡು ನೋಡಬೇಕಾಯ್ತು ಅಂತ ನ್ಯಾಯಮೂರ್ತಿಗಳು ತೀರ್ಪಿನಲ್ಲೇ ಬರೆದರು.

2024ರ ಮಾರ್ಚ್ 19ರಂದು ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡ್ತು. ಬೈಗುಳದ ಪದಗಳ ಮೂಲ ಅರ್ಥ ದೇಹಕ್ಕೆ, ಕಾಮಕ್ಕೆ ಸಂಬಂಧಿಸಿದ್ದಿರಬಹುದು. ಆದರೆ ಹುಡುಗರು ಅವನ್ನು ಬಳಸೋದು ಸಿಟ್ಟಿಗೆ, ಹತಾಶೆಗೆ, ಖುಷಿಗೆ. ಕೇಳಿದವರಿಗೆ ಅಸಹ್ಯ ಆಗಬಹುದು, ಆಘಾತ ಆಗಬಹುದು, ಆದರೆ ಕಾಮ ಕೆರಳಲ್ಲ. ಕೆರಳದಿದ್ದರೆ ಅಶ್ಲೀಲ ಅಲ್ಲ. ಅಸಭ್ಯ ಬೇರೆ, ಅಶ್ಲೀಲ ಬೇರೆ.

ಇದರ ಅರ್ಥ ನಾಳೆಯಿಂದ ಕ್ಲಾಸಿನಲ್ಲಿ ಬೈದಾಡಬಹುದು ಅಂತಲ್ಲ. ಕಾಲೇಜಿಗೆ ಅದರದೇ ಶಿಸ್ತಿನ ನಿಯಮ ಇರತ್ತೆ. ಆದರೆ ಶಿಸ್ತು ಮುರಿದವನು ಬೇರೆ, ಅಪರಾಧಿ ಬೇರೆ. ಒಂದು ಬೈಗುಳಕ್ಕೆ ಒಬ್ಬನನ್ನು ಜೈಲಿಗೆ ಕಳಿಸೋ ಅಧಿಕಾರ ಸರ್ಕಾರಕ್ಕೆ ಇದೆಯಾ ಅನ್ನೋದು ಇಲ್ಲಿನ ಪ್ರಶ್ನೆ.

2015ರ ಮಾರ್ಚ್ 24ರ ಶ್ರೇಯಾ ಸಿಂಘಲ್ ತೀರ್ಪನ್ನೂ ಇದರ ಪಕ್ಕದಲ್ಲೇ ಇಡಬೇಕು. ಆನ್‌ಲೈನ್‌ನಲ್ಲಿ "ಕಿರಿಕಿರಿ", "ಅನನುಕೂಲ" ಮಾಡೋದನ್ನೇ ಅಪರಾಧ ಮಾಡಿದ್ದ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ಅವತ್ತು ಹೊಡೆದುಹಾಕ್ತು. ಕಿರಿಕಿರಿ ಅನ್ನೋದಕ್ಕೆ ಅಳತೆ ಇಲ್ಲ, ಅದು ಎಂಟರ ಪಟ್ಟಿಯಲ್ಲೂ ಇಲ್ಲ. ಎಲ್ಲಿ ಗೆರೆ ದಾಟ್ತೀವಿ ಅಂತ ಗೊತ್ತಾಗದಿದ್ದರೆ ಜನ ಹೆದರಿ ಬಾಯಿ ಮುಚ್ಚಿಕೊಳ್ತಾರೆ, ತಪ್ಪಿಲ್ಲದ ಮಾತೂ ನಿಂತುಹೋಗತ್ತೆ.

ನಮ್ಮ ನಾಲ್ಕು ತಾಲ್ಲೂಕು, ನಾಲ್ಕು ಉದಾಹರಣೆ

ಹಾನಗಲ್. ಊರಿನ ತಾರಕೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, ಒಳಛಾವಣಿಯ ಕಮಲಕ್ಕೆ ಹೆಸರುವಾಸಿ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕಗಳ ಮೇಲಿನ ಕೆತ್ತನೆ ಹೇಗೇ ಇರಲಿ, ಅಶ್ಲೀಲತೆಯ ಸೆಕ್ಷನ್ ಅದನ್ನು ಮುಟ್ಟಲ್ಲ. ಕಾನೂನಿನಲ್ಲೇ ಹಾಗೆ ವಿನಾಯಿತಿ ಬರೆದಿದ್ದಾರೆ. ಗುಡಿಯೊಳಗಿನ, ಗುಡಿ ಮೇಲಿನ ಶಿಲ್ಪಕ್ಕೆ ಮಾತ್ರ ಅಲ್ಲ, ದೇವರನ್ನು ಕೂರಿಸಿ ಎಳೆಯೋ ತೇರಿಗೂ ವಿನಾಯಿತಿ ಇದೆ. ಜಾತ್ರೆಯಲ್ಲಿ ತೇರಿನ ಗಾಲಿ ಹತ್ತಿರ ನಿಂತು ಕಟ್ಟಿಗೆಯ ಕೆತ್ತನೆ ನೋಡಿದವರಿಗೆ ಯಾಕೆ ಅಂತ ಗೊತ್ತಾಗತ್ತೆ. ಹಿರಿಯರು ಮಿಥುನ ಶಿಲ್ಪ ಕೆತ್ತಿಸಿದ ತೇರಿಗೇ ಉತ್ತತ್ತಿ, ಬಾಳೆಹಣ್ಣು ಎಸೆದು ಕೈ ಮುಗಿದರು.

ಆದರೆ ಇಲ್ಲೊಂದು ತಿರುವಿದೆ. ಅದೇ ಕೆತ್ತನೆಯ ಫೋಟೊ ತೆಗೆದು ಅಪ್‌ಲೋಡ್ ಮಾಡಿದರೆ ನೀವು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೀಮೆಗೆ ಬರ್ತೀರಿ. ಅಲ್ಲಿ ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ವಿನಾಯಿತಿ ಇದೆ, ಧಾರ್ಮಿಕ ಉದ್ದೇಶದ ವಿನಾಯಿತಿ ಇದೆ. ಸ್ಮಾರಕ, ತೇರು ಅಂತ ಪ್ರತ್ಯೇಕ ಮಾತಿಲ್ಲ. ಗೋಡೆ ಮೇಲಿನ ಶಿಲ್ಪಕ್ಕೆ ಗುಡಿಯೇ ರಕ್ಷಣೆ, ಪರದೆ ಮೇಲಿನ ಶಿಲ್ಪಕ್ಕೆ ನಿಮ್ಮ ಉದ್ದೇಶ ರಕ್ಷಣೆ. ಕೆಳಗೆ ಗುಡಿಯ ಹೆಸರು, ಕಾಲ, ಶಿಲ್ಪದ ವಿವರ ಬರೆದ ಪೋಸ್ಟಿಗೂ, ಕಣ್ಣು ಹೊಡೆಯೋ ಎಮೋಜಿ ಹಾಕಿದ ಪೋಸ್ಟಿಗೂ ಅಷ್ಟು ವ್ಯತ್ಯಾಸ.

ಹಿರೇಕೆರೂರು. ಸರ್ವಜ್ಞನ ಹೆಸರಿನ ಜೊತೆ ಬರೋ ಮಾಸೂರು, ಅಬಲೂರು ಈ ಸೀಮೆಯವು. ನಮಗೆ ಶಾಲೆಯಲ್ಲಿ ಸಿಕ್ಕ ಸರ್ವಜ್ಞ ಬರೀ ನೀತಿ ಹೇಳೋ ಅಜ್ಜ. ಆದರೆ ಅವನ ತ್ರಿಪದಿಗಳಲ್ಲಿ ದೇಹ, ಹಸಿವು, ಕಾಮ, ವೇಶ್ಯೆ, ಕಪಟ ಸನ್ಯಾಸಿ ಎಲ್ಲಾ ಬರ್ತಾರೆ, ಮುಚ್ಚುಮರೆ ಇಲ್ಲದ ಪದಗಳಲ್ಲೇ ಬರ್ತಾರೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಈ ತ್ರಿಪದಿಗಳನ್ನು ಹುಡುಕಿ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅವರು ಒಬ್ಬ ಪಾದ್ರಿ. ಹಿಕ್ಲಿನ್ ಪಟ್ಟಿ ಹಿಡಿದರೆ ಸರ್ವಜ್ಞನ ಕೆಲವು ತ್ರಿಪದಿಗಳನ್ನು ಬಿಡಿಬಿಡಿಯಾಗಿ ಕಿತ್ತು ಅಪರಾಧಿ ಮಾಡಬಹುದು. ಇಡಿಯಾಗಿ ಓದಿದರೆ ಅವು ಕಾಮ ಕೆರಳಿಸೋಕೆ ಬರೆದವಲ್ಲ, ಮನುಷ್ಯನ ಸೋಗು ಕಳಚೋಕೆ ಬರೆದವು ಅಂತ ಯಾರಿಗಾದರೂ ಗೊತ್ತಾಗತ್ತೆ. "ಇಡೀ ಕೃತಿ" ಅನ್ನೋ ನಿಯಮದ ಬೆಲೆ ಇದು.

ಶಿಗ್ಗಾಂವಿ. ತಾಲ್ಲೂಕಿನ ಬಾಡ ಕನಕದಾಸರ ಊರು. ದಾಸರು ಅಂದ ಕೂಡಲೇ ಕೀರ್ತನೆ ನೆನಪಾಗತ್ತೆ, ಆದರೆ ಅವರದೇ "ಮೋಹನತರಂಗಿಣಿ" ಶೃಂಗಾರ ತುಂಬಿದ ಕಾವ್ಯ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಶುರುವಾದ ಜಾನಪದ ವಿಶ್ವವಿದ್ಯಾಲಯ ಇದೆ. ಹಳ್ಳಿಯ ಹಾಡು, ಒಗಟು, ಬೈಗುಳವನ್ನೂ ಅಧ್ಯಯನದ ವಸ್ತು ಅಂತ ನೋಡೋ ಜಾಗ ಅದು. 1969ರ ತಿದ್ದುಪಡಿ ಕೊಟ್ಟ "ಸಾರ್ವಜನಿಕ ಹಿತ"ದ ವಿನಾಯಿತಿ ಇಂಥದ್ದಕ್ಕೇ ಇರೋದು. ಆದರೆ ಕಾನೂನಿನ ಮಾತು ಎಚ್ಚರಿಕೆಯಿಂದ ಓದಿ: ಪ್ರಕಟಣೆ ಸಾರ್ವಜನಿಕ ಹಿತಕ್ಕಾಗಿ ಸಮರ್ಥನೀಯ ಅಂತ ಸಾಬೀತಾಗಬೇಕು. ಸಾಬೀತು ಮಾಡಬೇಕಾದವರು ನಾವು. "ಇದು ಜಾನಪದ ಸಾರ್" ಅಂದರೆ ಸಾಲದು. ಯಾರು ಹಾಡಿದ್ದು, ಯಾವ ಊರು, ಯಾವ ಹಬ್ಬ, ಆ ಪದಕ್ಕೆ ಆ ಹಾಡಿನಲ್ಲಿ ಏನು ಕೆಲಸ, ಇಷ್ಟನ್ನು ಬರೆದಿಟ್ಟುಕೊಂಡವರ ಕೈಯಲ್ಲಿ ಸಾಕ್ಷಿ ಇರತ್ತೆ.

ಸವಣೂರು. ಹೋಳಿ ಹುಣ್ಣಿಮೆಗೆ ಸವಣೂರಿನ ಕಡೆ ಮಾತ್ರ ಅಲ್ಲ, ನಾಲ್ಕೂ ತಾಲ್ಲೂಕಿನಲ್ಲಿ ಹಲಗಿ ಸಪ್ಪಳ ಕೇಳತ್ತೆ. ಕಾಮಣ್ಣನ ಮುಂದೆ ಬಾಯಿ ಬಡಕೊಂಡು ಹಾಡೋ ಪದಗಳಲ್ಲಿ ವರ್ಷವಿಡೀ ಬಾಯಿಗೆ ಬರದ ಮಾತು ಬರತ್ತೆ. ಇದಕ್ಕೆ ಬೇರೆಯೇ ಸೆಕ್ಷನ್ ಇದೆ, ನ್ಯಾಯ ಸಂಹಿತೆಯ 296. ಸಾರ್ವಜನಿಕ ಜಾಗದಲ್ಲಿ ಅಥವಾ ಅದರ ಹತ್ತಿರ ಅಶ್ಲೀಲ ಹಾಡು, ಲಾವಣಿ, ಮಾತು ಆಡಿ ಇನ್ನೊಬ್ಬರಿಗೆ ಕಿರುಕುಳ ಆದರೆ 3 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಎರಡು ಷರತ್ತೂ ಕೂಡಬೇಕು, ಮಾತು ಅಶ್ಲೀಲ ಇರಬೇಕು, ಯಾರಿಗಾದರೂ ಕಿರುಕುಳ ಆಗಿರಬೇಕು. ನಮ್ಮ ಭಾಷೆಯಲ್ಲಿ ಇದು "ಆ್ಯಂಡ್" ಗೇಟ್. ಬರೀ ಬೈದದ್ದು ಸಾಲದು ಅಂತ ಹಳೆಯ 294(ಬಿ) ಬಗ್ಗೆ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಈ ಎರಡನೇ ಷರತ್ತೇ ನಮ್ಮ ಬಳಗದ ಜಗಳ ಬಿಡಿಸಿದ್ದು. ಬಂದ ರೆಕಾರ್ಡಿಂಗ್‌ಗಳಲ್ಲಿ ಎರಡು ಥರ ಇದ್ದವು. ಒಂದರಲ್ಲಿ ಓಣಿಯ ಹಿರಿಯರು ಬೆಂಕಿ ಸುತ್ತ ಕೂತು, ಒಬ್ಬರು ಎತ್ತಿ ಒಬ್ಬರು ತಿರುಗಿಸಿ ಹಾಡಿದ ಪದ. ಮಾತು ಒರಟು, ಆದರೆ ಯಾರ ಮೇಲೂ ಅಲ್ಲ. ಇನ್ನೊಂದರಲ್ಲಿ, ಊರಿನ ಹೆಸರು ಬೇಡ, ಹುಡುಗರ ಗುಂಪು ಒಂದು ಮನೆ ಮುಂದೆ ನಿಂತು ಆ ಮನೆಯ ಹುಡುಗಿಯ ಹೆಸರು ಸೇರಿಸಿ ಹಾಡಿದ್ದು. ಪದಗಳನ್ನು ಎಣಿಸಿದರೆ ಎರಡನೆಯದರಲ್ಲೇ ಕೆಟ್ಟ ಪದ ಕಡಿಮೆ. ಆದರೂ ನಮ್ಮ ಬಳಗದ ಹುಡುಗಿಯರು ಒಂದೇ ಮಾತಿಗೆ ಹೇಳಿದರು: "ಮೊದಲನೇದು ಕೇಳಿ ನಕ್ಕೀವಿ. ಎರಡನೇದು ಕೇಳಿ ನಮಗ ಆ ಮನಿ ಬಾಗಲಾ ಒಳಗಿಂದ ಹಾಕ್ಕೊಂಡಂಗಾತು." ಮೊದಲನೆಯದನ್ನು ಒಂದು ಅಕ್ಷರಕ್ಕೂ ಚುಕ್ಕಿ ಇಡದೆ, ಟಿಪ್ಪಣಿ ಜೊತೆ ಹಾಕ್ತಾ ಇದ್ದೀವಿ. ಎರಡನೆಯದನ್ನು ಅಳಿಸಿದ್ದೀವಿ.

ಮೊಬೈಲ್ ಒಳಗಿನ ಗೆರೆಗಳು

67ನೇ ಸೆಕ್ಷನ್: ಅಶ್ಲೀಲ ವಿಷಯ ಎಲೆಕ್ಟ್ರಾನಿಕ್ ರೂಪದಲ್ಲಿ ಪ್ರಕಟಿಸಿದರೆ, ಕಳಿಸಿದರೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. 67ಎ: ನೇರ ಲೈಂಗಿಕ ದೃಶ್ಯ ಇದ್ದರೆ 5 ವರ್ಷ, 10 ಲಕ್ಷದವರೆಗೆ. "ನಾನು ಮಾಡಿದ್ದಲ್ಲ, ಬಂದಿದ್ದನ್ನ ಕಳಿಸಿದೆ ಅಷ್ಟೇ" ಅನ್ನೋ ಮಾತಿಗೆ ಇಲ್ಲಿ ಜಾಗ ಇಲ್ಲ, ಕಳಿಸೋದೂ ಅಪರಾಧದ ಭಾಗವೇ. 66ಇ: ಒಬ್ಬರ ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯೋದು, ಹಂಚೋದು. ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗತ್ತೆ. ಹುಡುಗಿ ಫೋಟೊ ತೆಗೆಯೋಕೆ ಒಪ್ಪಿದ್ದರೂ, ಹಂಚೋಕೆ ಒಪ್ಪಿರದಿದ್ದರೆ, ಹಂಚಿದವನು ಅಪರಾಧಿ. ಬ್ರೇಕಪ್ ಆದ ಮೇಲೆ ಸಿಟ್ಟಿಗೆ ಒಂದು ಫೋಟೊ ಗ್ರೂಪಿಗೆ ಹಾಕೋದು ಅಭಿವ್ಯಕ್ತಿ ಸ್ವಾತಂತ್ರ್ಯ ಅಲ್ಲ.

ಮಕ್ಕಳ ವಿಷಯದಲ್ಲಂತೂ ಗೆರೆ ಬಹಳ ಗಟ್ಟಿ. 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಮಕ್ಕಳ ಲೈಂಗಿಕ ದೃಶ್ಯವನ್ನು ಬರೀ ನೋಡಿದ್ದು 67ಬಿ ಅಡಿ ಅಪರಾಧ ಆಗಲ್ಲ ಅಂತ ಕೇಸ್ ರದ್ದು ಮಾಡಿತ್ತು. 67ಬಿಯ ಒಂದು ಉಪವಿಭಾಗ ಅಂಥದ್ದನ್ನು ಹುಡುಕೋದು, ನೋಡೋದು, ಡೌನ್‌ಲೋಡ್ ಮಾಡೋದನ್ನೂ ಒಳಗೊಂಡಿದೆ. ಅದೇ ತಿಂಗಳು ಕೋರ್ಟ್ ತನ್ನ ಆದೇಶವನ್ನು ತಾನೇ ಹಿಂಪಡೀತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಕಾನೂನನ್ನು ಇನ್ನೂ ಸ್ಪಷ್ಟ ಮಾಡ್ತು. ಇಂಥದ್ದನ್ನು "ಪೋರ್ನೊಗ್ರಫಿ" ಅಂತ ಕರೆಯೋದೇ ಬೇಡ, ಅದು ಮಗುವಿನ ಮೇಲೆ ನಡೆದ ದೌರ್ಜನ್ಯದ ದಾಖಲೆ ಅಂತ ಹೇಳ್ತು. ಇಲ್ಲಿ ಕಲೆ, ಸಂದರ್ಭ, ಸಮಾಜದ ಮಾನದಂಡ ಅಂತ ಅಳೆಯೋ ಮಾತೇ ಬರಲ್ಲ, ಯಾಕಂದರೆ ಆ ಚಿತ್ರದ ಹಿಂದೆ ನೋವು ಉಂಡ ಒಂದು ಮಗು ಇದೆ.

ಸ್ವಾತಂತ್ರ್ಯವೇ ಪ್ರತಿ ಸಲ ಗೆಲ್ಲಲ್ಲ

ಇಲ್ಲಿಯವರೆಗೆ ಓದಿದವರಿಗೆ ಕೋರ್ಟು ಯಾವಾಗಲೂ ಬರಹಗಾರರ ಕಡೆ ಅನ್ನಿಸಬಹುದು. ಹಾಗಿಲ್ಲ. ಪಿ.ವಿ. ನಾರಾಯಣ ಅವರ "ಧರ್ಮಕಾರಣ" ಕಾದಂಬರಿ ಕನ್ನಡದ್ದೇ. ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ ಅದು. ಅಕ್ಕ ನಾಗಮ್ಮನವರ ಚಿತ್ರಣದ ಬಗ್ಗೆ ವಿರೋಧ ಎದ್ದಿತು. ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್ ಬಳಸಿ ಪುಸ್ತಕವನ್ನು ಮುಟ್ಟುಗೋಲು ಹಾಕ್ಕೊಂಡಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಪ್ರಶ್ನಿಸಿದರು. ಹೈಕೋರ್ಟ್ ಮುಟ್ಟುಗೋಲನ್ನು ಒಪ್ಪಿತು, 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಿತು.

ಅಲ್ಲಿ ಕೆಲಸ ಮಾಡಿದ ಮುಖ್ಯ ಕಾರಣ ಕಾಮ ಕೆರಳತ್ತೆ ಅನ್ನೋದಲ್ಲ, ಸಮುದಾಯಗಳ ನಡುವೆ ದ್ವೇಷ ಹುಟ್ಟತ್ತೆ ಅನ್ನೋ 153ಎ ಸೆಕ್ಷನ್. ಅಂದರೆ ಸಭ್ಯತೆಯ ಬಾಗಿಲಲ್ಲಿ ತಡೆಯೋಕೆ ಆಗದ ಪುಸ್ತಕವನ್ನು ಸುವ್ಯವಸ್ಥೆಯ ಬಾಗಿಲಲ್ಲಿ ತಡೆಯಬಹುದು. ಇವತ್ತೂ ಆ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಸೆಕ್ಷನ್ನಿನಲ್ಲಿ ಇದೆ. ಅದನ್ನು ಪ್ರಶ್ನಿಸೋರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಈ ತೀರ್ಪು ಸರಿಯೋ ತಪ್ಪೋ ಅಂತ ಸಾಹಿತ್ಯದವರು ಇನ್ನೂ ವಾದ ಮಾಡಬಹುದು, ನಾವೂ ಮಾಡಬಹುದು. ವಾದ ಮಾಡೋ ಹಕ್ಕು 19(1)(ಎ) ಒಳಗೇ ಇದೆ. ಆದರೆ ನಮ್ಮ ಅನಿಸಿಕೆ ಇದು: ಯಾರಿಗೆ ನೋವಾಯ್ತು ಅನ್ನೋದನ್ನು ಜೋರಾಗಿ ಕೂಗೋರ ಲೆಕ್ಕದಲ್ಲಿ ಅಳೆದರೆ, ನಾಳೆ ಸರ್ವಜ್ಞನನ್ನೂ ಉಳಿಸಿಕೊಳ್ಳೋದು ಕಷ್ಟ.

ಒತ್ತೋ ಮೊದಲು ಐದು ಪ್ರಶ್ನೆ

ಪಾಠದ ಸಾರವನ್ನು ಒಂದು ಫ್ಲೋಚಾರ್ಟ್ ಹಾಗೆ ನೆನಪಿಟ್ಟುಕೊಳ್ಳಿ.

1. ಇದರಲ್ಲಿ ಮಗು ಇದೆಯಾ? ಇದ್ದರೆ ಅಲ್ಲಿಗೇ ಮುಗೀತು. ಕಳಿಸಬೇಡಿ, ಇಟ್ಟುಕೊಳ್ಳಬೇಡಿ, ದೂರು ಕೊಡಿ.

2. ಇದರಲ್ಲಿರೋ ವ್ಯಕ್ತಿ ಒಪ್ಪಿದ್ದಾರಾ? ತೆಗೆಯೋಕೆ ಒಪ್ಪಿದ್ದು ಬೇರೆ, ಹಂಚೋಕೆ ಒಪ್ಪಿದ್ದು ಬೇರೆ.

3. ಇದು ಕಾಮವನ್ನು ಕೆರಳಿಸೋಕೇ ಇದೆಯಾ, ಇಲ್ಲಾ ಮಾತು ಒರಟು ಅಷ್ಟೇನಾ? ಒರಟುತನಕ್ಕೆ ಜೈಲಿಲ್ಲ. ಮರ್ಯಾದೆಯ ಪ್ರಶ್ನೆ ಇರಬಹುದು, ಅದನ್ನು ನೀವೇ ಯೋಚಿಸಿ.

4. ಇಡಿಯಾಗಿ ನೋಡಿದರೆ ಇದಕ್ಕೆ ಕಲೆಯ, ಕಲಿಕೆಯ ಕಾರಣ ಇದೆಯಾ? ಇದ್ದರೆ ಅದನ್ನು ಜೊತೆಗೇ ಬರೆಯಿರಿ.

5. ಇದನ್ನು ಯಾರ ಜೊತೆ ಹಾಡ್ತಾ ಇದ್ದೀರಿ, ಯಾರ ಮೇಲೆ ಹಾಡ್ತಾ ಇದ್ದೀರಿ?

ಸೆಕ್ಷನ್ ನಂಬರ್ ಮರೆತರೂ ಪರವಾಗಿಲ್ಲ, 292 ಹೋಗಿ 294 ಬಂದ ಹಾಗೆ ನಂಬರ್ ಬದಲಾಗ್ತಾನೇ ಇರತ್ತೆ. ಐದನೇ ಪ್ರಶ್ನೆ ಮಾತ್ರ ಮರೀಬೇಡಿ. ಸಿರಿಗನ್ನಡಂ ಗೆಲ್ಗೆ.